ಕುಟುಂಬಗಳ ಕಾಣಿಕೆ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂತೋಷದಲ್ಲಿ ಕಾಯಿಲೆಯ ಮಾತೇಕೆ ಎಂದು ತಾವು ಕೇಳಬಹುದು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರಲ್ಲಿ ಬಹುಮಂದಿ ಕಾರಖಾನೆ, ಕಚೇರಿ, ಹೋಟೆಲುಗಳಲ್ಲಿ ದುಡಿಯುವವರು. ಕಂಪೆನಿಯವರು ಕೆಲಸಗಾರರ ಕುಟುಂಬಗಳನ್ನು ಒಂದು ದಿನ ಕೂಡಿಸಿ, ಆಟೋಟಗಳನ್ನೂ ತಿಂಡಿಯ ಅಂಗಡಿಗಳನ್ನೂ ಏರ್ಪಡಿಸಿ, ಕೂಡಿದ ಹಣವನ್ನು ಕಠಿಣ ರೋಗದ ಮಕ್ಕಳಿಗೆ ಕೊಡುವುದನ್ನು ತಾವು ಬಲ್ಲಿರಿ. ಆ ಹಣ ಯಾವುದಕ್ಕೆ ಸಲ್ಲಬೇಕೆಂಬುದೇ ನನ್ನ ವಿಷಯ.

ಮಕ್ಕಳ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರು. ಹಿಂದೆ ಇದು ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಅಮೇರಿಕದ ಬಾಸ್ಟನ್ ನಗರದ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು, ಅಮಿನಾಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ರೋಗವು ಸ್ವಲ್ಪ ಕಾಲ ಹಿಮ್ಮೆಟ್ಟಿತೆಂದು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ತಂಡದ ನಾಯಕರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ 'ಜಿಮ್ಮಿ' ಎಂದು ಹೆಸರಿಟ್ಟ ಕ್ಯಾನ್ಸರ್ ರೋಗಿ ಬಾಲಕನೊಬ್ಬನ ಮಾತನ್ನು ರೇಡಿಯೋದಲ್ಲಿ ಕೇಳಿದ ಜನರು 2 ಲಕ್ಷ ಡಾಲರಿಗೂ ಮಿಕ್ಕಿ ಹಣ ಕಳುಹಿಸಿದರು. ವಿದ್ವಾಂಸರ ಬುದ್ಧಿಗೆ ಸಾಮಾನ್ಯರ ಕಾಸು ಹೀಗೆ ಜೊತೆಗೂಡಿತು. ಇಂದು ಪೂರ್ಣ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಗುಣಹೊಂದುತ್ತಾರೆ.

'ಪೂರ್ಣ' ಎಂಬ ಮಾತನ್ನು ತಾವು ಗಮನಿಸಬೇಕು. ಈ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೂ, ನಮ್ಮ ಖಾರ್ಘರ್‌ನಲ್ಲಿರುವ ಅದರ ಕೇಂದ್ರಕ್ಕೂ ದೇಶದ ಮೂಲೆಮೂಲೆಗಳಿಂದ ಮಕ್ಕಳು ಬರುತ್ತಾರೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರನಿಗೆ ಮುಕ್ಕಾಲು ಪಾಲು ರಿಯಾಯಿತಿ ಉಂಟು. ಆದರೆ ಕಲಬುರಗಿಯ ಕಡೆಯಿಂದ ಬಂದ ಕೂಲಿಕಾರನಿಗೆ ಇಲ್ಲಿ ಇರಲು ಕೋಣೆಯಿಲ್ಲ, ಉಣ್ಣಲು ದುಡಿಮೆಯಿಲ್ಲ. ಊರಿನಲ್ಲಿ ಉಳಿದ ಮಕ್ಕಳ ಚಿಂತೆ ಬೇರೆ. ಮಗು ಸ್ವಲ್ಪ ಚೇತರಿಸಿಕೊಂಡರೆ ಸಾಕು, ಊರಿಗೆ ಹೊರಟುಬಿಡುತ್ತಾನೆ. ಅರ್ಧಕ್ಕೆ ಬಿಟ್ಟರೆ ರೋಗ ಮರಳುತ್ತದೆ. ಮರಳಿದ ರೋಗವನ್ನು ಗೆಲ್ಲುವುದು ಕಷ್ಟ. ಔಷಧವಿದ್ದೂ ಮಗು ಸಾಯುವುದು ಹೀಗೆ. ಇದನ್ನರಿತೇ ಸೇಂಟ್ ಜೂಡ್ ಇಂಡಿಯಾ ಸಂಸ್ಥೆಯು 2006ರಿಂದ ಇಂಥ ಮಕ್ಕಳಿಗೂ ತಂದೆತಾಯಿಗಳಿಗೂ ಬಾಡಿಗೆಯಿಲ್ಲದ ವಸತಿ ಕೊಡುತ್ತಿದೆ.

ಆದುದರಿಂದ ಕೂಡಿದ ಹಣವು ಔಷಧಕ್ಕೆ ಮಾತ್ರವಲ್ಲ, ಕೋಣೆಗೆ, ಊಟಕ್ಕೆ, ಪ್ರಯಾಣಕ್ಕೆ ಸಲ್ಲಲಿ. ಒಂದು ದಿನದ ಉತ್ಸವದಲ್ಲಿ ಚೆಕ್ಕು ಕೊಟ್ಟು ಚಿತ್ರ ತೆಗೆಸಿಕೊಂಡರೆ ಸಾಲದು. ಒಂದು ಮಗುವಿನ ಹೊಣೆ ಹೊತ್ತರೆ ಮೂರು ವರ್ಷವೂ ಹೊರಬೇಕು. 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕು. ಸಣ್ಣ ಕಾರಖಾನೆಗೆ ಆ ಕಟ್ಟಿಲ್ಲ. ಅಲ್ಲಿನ ಕೆಲಸಗಾರನ ಮನೆಯಾಕೆ ಚಕ್ಕುಲಿ ಮಾರಿ ತಂದ ನೂರು ರೂಪಾಯಿ ಸ್ವಂತ ಮನಸ್ಸಿನಿಂದ ಬಂದದ್ದು. ಅಂಥ ಹಣಕ್ಕೆ ಪೈಪೈ ಲೆಕ್ಕ ಒಪ್ಪಿಸುವುದು ನಡೆಸುವವರ ಧರ್ಮ.

ರೋಗದ ಮಗುವನ್ನು ವೇದಿಕೆಗೆ ಕರೆತಂದು ಪ್ರದರ್ಶಿಸುವುದು ಸಲ್ಲದು. ಅದರ ಮಾನವೂ ನಮ್ಮ ಮಕ್ಕಳ ಮಾನದಷ್ಟೇ ದೊಡ್ಡದು. ಮೇಲಾಗಿ ಚಿಕಿತ್ಸೆಯ ಕಾಲದಲ್ಲಿ ಮೈಯ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಗುಂಪಿನೊಳಗಿನ ಸಾಮಾನ್ಯ ನೆಗಡಿಯೂ ಅಪಾಯವಾದೀತು.

ಹಣವಿಲ್ಲದವರು ರಕ್ತ ಕೊಡಬಹುದು. ಇಂಥ ಮಕ್ಕಳಿಗೆ ಬೇಕಾದ ಪ್ಲೇಟ್‌ಲೆಟ್‌ಗಳು ಸುಮಾರು 5 ದಿನ ಮಾತ್ರ ಕೆಡದೆ ಉಳಿಯುವುದರಿಂದ ದಾನಿಗಳು ವರ್ಷವಿಡೀ ಬೇಕು. ಕನ್ನಡಿಗರಾದ ನಾವು ಕೊಡಬಹುದಾದ ಇನ್ನೊಂದು ವಸ್ತುವಿದೆ: ನಮ್ಮ ಮಾತು. ಮರಾಠಿ, ಹಿಂದಿ ಬಾರದ ತಾಯಿಗೆ ಡಾಕ್ಟರರ ಮಾತನ್ನು ಕನ್ನಡದಲ್ಲಿ ತಿಳಿಸಿ, ಮುಂದಿನ ತಾರೀಖನ್ನು ಬರೆದುಕೊಡುವವರು ಇದ್ದರೆ ಆಕೆ ಧೈರ್ಯದಿಂದ ನಿಲ್ಲುತ್ತಾಳೆ. ಆಸ್ಪತ್ರೆಯವರ ಒಪ್ಪಿಗೆ ಪಡೆದು, ಸಂಘದ ತರುಣ ತರುಣಿಯರು ವಾರಕ್ಕೊಂದು ದಿನ ಸರದಿಯಂತೆ ಈ ಕೆಲಸಕ್ಕೆ ಹೋಗಬೇಕೆಂದು ನಾನು ಈ ಸಭೆಗೆ ಸೂಚಿಸುತ್ತೇನೆ. ಕನ್ನಡದ ಸೇವೆ ಎಂದರೆ ಇದೂ ಹೌದು.