ಬೆವರು ನಮ್ಮದು, ಸೀಟಿ ಯಾರದು?



ತಳೇಗಾಂವ ದಾಭಾಡೆಯಲ್ಲಿ ಮನೆ ಮಾಡಿಕೊಂಡು ಪುಣೆಗೋ ಪಿಂಪ್ರಿಗೋ ಕೆಲಸಕ್ಕೆ ಓಡಾಡುವ ಕನ್ನಡಿಗರು ನಮ್ಮ ಕೇಳುಗರಲ್ಲಿ ಕೆಲವರಾದರೂ ಇದ್ದೀರಿ. ಬೆಳಿಗ್ಗೆ ಲೋಣಾವಳಾ ಕಡೆಯಿಂದ ಬರುವ ಲೋಕಲ್ ಹಿಡಿಯಬೇಕು, ಸಂಜೆ ಮತ್ತೆ ಲೋಕಲ್‌ನಲ್ಲೇ ನಿಂತು ವಾಪಸಾಗಬೇಕು. ನಡುವೆ ಎಂಟೊಂಬತ್ತು ಗಂಟೆ ಕುರ್ಚಿಯೇ ಗತಿ. ಹೀಗಿರುವಾಗ ಒಂದು ದಿನ ರಕ್ತಪರೀಕ್ಷೆಯ ವರದಿ ಕೈಗೆ ಬರುತ್ತದೆ, ಸಕ್ಕರೆಯ ಅಂಕಿಯ ಪಕ್ಕ ಒಂದು ನಕ್ಷತ್ರದ ಗುರುತು. ಡಾಕ್ಟರು ಹೇಳುತ್ತಾರೆ: "ಮಾತ್ರೆ ಈಗಲೇ ಬೇಡ. ವ್ಯಾಯಾಮ ಶುರು ಮಾಡಿ, ಮೂರು ತಿಂಗಳು ಬಿಟ್ಟು ನೋಡೋಣ."

ಆ ನಕ್ಷತ್ರ ನನ್ನ ವರದಿಯಲ್ಲೂ ಬಂದಿತ್ತು. ನಮ್ಮ ಸಂಖ್ಯೆ ಚಿಕ್ಕದೇನಲ್ಲ. ಐಸಿಎಂಆರ್ ನೆರವಿನ ದೊಡ್ಡ ಅಧ್ಯಯನವೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹತ್ತಿರದ ಜಿಮ್ಮಿಗೆ ಹೋಗಿ ಒಂದು ವರ್ಷದ ಹಣ ಒಟ್ಟಿಗೇ ಕಟ್ಟಿ ಬಂದೆ. ಹೋದದ್ದು ಹತ್ತೊಂಬತ್ತು ದಿನ! ನಮ್ಮ ಕಡೆ ಇದಕ್ಕೆ ಆರಂಭ ಶೂರತ್ವ ಎನ್ನುತ್ತಾರೆ. ಎರಡು ತಿಂಗಳ ಮೇಲೆ ನಾಚಿಕೊಳ್ಳುತ್ತಾ ಮತ್ತೆ ಹೋದಾಗ ಅಲ್ಲಿನ ಹುಡುಗ, "ಕಾಕಾ, ಪರ್ಸನಲ್ ಟ್ರೇನರ್ ಇಟ್ಟುಕೊಳ್ಳಿ, ಆಗ ತಪ್ಪಿಸೋದಕ್ಕೇ ಆಗಲ್ಲ" ಎಂದು ಮರಾಠಿಯಲ್ಲಿ ನಗುತ್ತಾ ಹೇಳಿದ. ಹನ್ನೆರಡು ಪಾಠಕ್ಕೆ ಆರು ಸಾವಿರ ರೂಪಾಯಿ. ಇಡಬೇಕೋ ಬೇಡವೋ? ಇವತ್ತಿನ ಮಾತು ಇದರ ಬಗ್ಗೆಯೇ.

ಮೊದಲು ಕೇಳಿಕೊಳ್ಳಬೇಕಾದದ್ದು, ಆ ಆರು ಸಾವಿರಕ್ಕೆ ನಾವು ಕೊಳ್ಳುವುದಾದರೂ ಏನು? ಮೊದಲನೆಯದು ವಿದ್ಯೆ. ಬಸ್ಕಿ ಹೊಡೆಯುವಾಗ ಮಂಡಿ ಎಲ್ಲಿರಬೇಕು, ಭಾರ ಎತ್ತುವಾಗ ಬೆನ್ನು ಹೇಗಿರಬೇಕು ಎಂಬುದನ್ನು ಕಣ್ಣಾರೆ ನೋಡಿ ತಿದ್ದುವವರು ಬೇಕು. ಕನ್ನಡಿಯಾಗಲಿ ಮೊಬೈಲಿನ ವೀಡಿಯೊ ಆಗಲಿ ಅದನ್ನು ಪೂರ್ತಿ ಮಾಡಲಾರವು. ನಮ್ಮ ಗರಡಿಮನೆಗಳಲ್ಲೂ ಇಲ್ಲಿನ ತಾಲೀಮುಗಳಲ್ಲೂ ವಸ್ತಾದರು ಇದ್ದದ್ದು ಇದಕ್ಕೇ. ಇದಕ್ಕೆ ಹಣ ಕೊಟ್ಟರೆ ನಷ್ಟವಿಲ್ಲ.

ಎರಡನೆಯದು ಹಂಗು. ಆರು ಗಂಟೆಗೆ ಒಬ್ಬರು ಕಾಯುತ್ತಿದ್ದಾರೆ ಎಂದರೆ ಹಾಸಿಗೆ ಬಿಡುತ್ತೇವೆ. ಇದೂ ನಿಜವೇ, ಆದರೆ ಬಾಡಿಗೆಯ ಸರಕು. ಟ್ರೇನರ್ ಊರಿಗೆ ಹೋದ ದಿನ ನಾವೂ ಮಲಗುತ್ತೇವೆ. ಮೂರನೆಯದು ಮನಸ್ಸು, ಅಂದರೆ ಮಾಡಬೇಕೆಂಬ ಆಸೆ. ಇದನ್ನು ಯಾರೂ ಮಾರುವುದಿಲ್ಲ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಎಂದು ಹಿರಿಯರು ಸುಮ್ಮನೆ ಕೇಳಲಿಲ್ಲ.

ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನಾವು 'ಶಾಂತಲಾ' ಕಾದಂಬರಿಯಿಂದ ಬಲ್ಲೆವು. ಅವರು ಹೆಸರಾಂತ ವ್ಯಾಯಾಮ ಶಿಕ್ಷಕರೂ ಹೌದು. ತಮ್ಮ ವ್ಯಾಯಾಮಶಾಲೆಯಲ್ಲಿ ಕಲಿಸುವುದರ ಜೊತೆಗೆ ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಯೋಚಿಸಿ ನೋಡಿ, ಗುರುಗಳು ಬೆಂಗಳೂರಿನಲ್ಲಿ, ಶಿಷ್ಯ ಎಲ್ಲೋ ಇನ್ನೊಂದು ಊರಿನಲ್ಲಿ. ಪಾಠ ಅಂಚೆಯಣ್ಣ ತಂದುಕೊಡುತ್ತಿದ್ದ, ಬೆಳಿಗ್ಗೆ ಏಳಬೇಕಾದವನು ಶಿಷ್ಯನೇ.

ಹಾಗಾದರೆ ಟ್ರೇನರ್ ಯಾರಿಗೆ ಬೇಕು? ಹಿಂದೆಂದೂ ಭಾರ ಎತ್ತದವರಿಗೆ, ಬೆನ್ನು, ಮಂಡಿ ನೋವಿರುವವರಿಗೆ, ಶಸ್ತ್ರಚಿಕಿತ್ಸೆಯಾಗಿ ಡಾಕ್ಟರ ಒಪ್ಪಿಗೆ ಪಡೆದವರಿಗೆ, ಅರವತ್ತು ದಾಟಿ ಈಗ ಶುರುಮಾಡುವವರಿಗೆ ಖಂಡಿತ ಉಪಯೋಗ. ಎದೆನೋವು, ತಲೆಸುತ್ತು ಇರುವವರು ಮೊದಲು ಹೋಗಬೇಕಾದದ್ದು ಡಾಕ್ಟರ ಬಳಿಗೆ. ಬರೀ ನಡಿಗೆಯೇ ಸಾಕಾಗಿರುವವರಿಗೆ ಟ್ರೇನರ್ ಯಾಕೆ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷ ಆಯಿತು. ನಮ್ಮ ತಳೇಗಾಂವದಲ್ಲಿ ಕೆರೆಯ ಕಡೆ ನಡೆಯಬಹುದು, ಭಾನುವಾರ ಘೋರಾಡೇಶ್ವರದ ಗುಡ್ಡ ಹತ್ತಬಹುದು. ಅದಕ್ಕೆ ಟಿಕೆಟ್ಟಿಲ್ಲ. ಕಷ್ಟವಿರುವುದು ಮಾವಳದ ಮಳೆಗಾಲದಲ್ಲಿ. ಜೂನ್‌ನಲ್ಲಿ ನಿಂತ ನಡಿಗೆ ದೀಪಾವಳಿಯಾದರೂ ಶುರುವಾಗುವುದಿಲ್ಲ. ಆ ನಾಲ್ಕು ತಿಂಗಳಿಗೆ ಮನೆಯೊಳಗೆ ಮಾಡುವ ಸೂರ್ಯನಮಸ್ಕಾರ, ಬಸ್ಕಿ ಕಲಿತಿಟ್ಟುಕೊಳ್ಳುವುದು ಜಾಣತನ.

ಟ್ರೇನರ್ ಇಡುವುದೇ ಆದರೆ ಒಂದೆರಡು ಮಾತು. ಮೊದಲ ದಿನ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂದು ಗಮನಿಸಿ. ಯಾವ ಮಾತ್ರೆ ತಗೊಳ್ತೀರಿ, ಹಿಂದೆ ಎಲ್ಲಿ ಪೆಟ್ಟಾಗಿತ್ತು ಎಂದು ಕೇಳಬೇಕು. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರಾ ಇಳಿಯಬಹುದು, ಅದು ಗೊತ್ತಿರಬೇಕು. ಎಲ್ಲಿ ಕಲಿತರು, ಪ್ರಥಮ ಚಿಕಿತ್ಸೆ ಬರುತ್ತದೆಯೇ ಎಂದು ನೀವೂ ಸಂಕೋಚವಿಲ್ಲದೆ ಕೇಳಿ. ಮೊದಲ ವಾರದಲ್ಲೇ ಪುಡಿಯ ಡಬ್ಬಿ ಮಾರಲು ಬಂದರೆ, ಇಂಜೆಕ್ಷನ್ ಮಾತೆತ್ತಿದರೆ, ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.

ಇನ್ನು ಅವಧಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟವಾಗಲಿಲ್ಲ. ಆದ್ದರಿಂದ ವರ್ಷದ ಕರಾರು ಬೇಡ. ಮೊದಲ ತಿಂಗಳು ವಾರಕ್ಕೆ ಮೂರು ದಿನ, ಎರಡನೆಯ ತಿಂಗಳು ವಾರಕ್ಕೊಂದು, ಮೂರನೆಯ ತಿಂಗಳು ಒಂದೇ ಸಲ ಟ್ರೇನರ್ ಇರಲಿ. ಉಳಿದ ದಿನ ನೀವೇ ಮಾಡಿ. "ನಾನಿಲ್ಲದೆ ಮಾಡುವುದನ್ನು ಕಲಿಸುತ್ತೇನೆ" ಎನ್ನುವವರೇ ಒಳ್ಳೆಯ ಗುರುಗಳು.

ನಾನು ಏನು ಮಾಡಿದೆ ಎಂದು ಕೇಳುತ್ತೀರೇನೋ. ಹನ್ನೆರಡು ಪಾಠ ತೆಗೆದುಕೊಂಡೆ, ಅದರಲ್ಲಿ ಆರನ್ನು ನನ್ನ ಹೆಂಡತಿಗೆ ಬಿಟ್ಟುಕೊಟ್ಟೆ. ಐದು ಗಂಟೆಗೆದ್ದು ನಮ್ಮೆಲ್ಲರ ಡಬ್ಬಿ ಕಟ್ಟುವ ಆಕೆಯ ಬೆನ್ನುನೋವನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ನಾನು ಮುಸುಕೆಳೆದುಕೊಂಡರೆ "ಏಳ್ರೀ" ಎನ್ನುವವರು ಮನೆಯಲ್ಲೇ ಇದ್ದಾರೆ. ಮಂಗಳವಾರ, ಶುಕ್ರವಾರ ಡಬ್ಬಿ ಕಟ್ಟುವ ಕೆಲಸ ನನ್ನದು. ಅದಿಲ್ಲದಿದ್ದರೆ ಆಕೆಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು?

ಟ್ರೇನರ್‌ಗೆ ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ನಾಳೆಯಿಂದ ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತೇ ನಿಮಿಷ ನಡೆಯಿರಿ. ನಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗುರುತುಗಳು ತುಂಬಿದರೆ ನಿಮಗೆ ಬೇಕಾದದ್ದು ವಿದ್ಯೆ ಮಾತ್ರ, ನಾಲ್ಕಾರು ಪಾಠ ಸಾಕು. ತುಂಬದಿದ್ದರೆ ಏನು ಅಡ್ಡ ಬಂತು ಎಂದು ಮನೆಯವರೊಡನೆ ಕೂತು ನೋಡಿ. ಸಮಯವೋ, ಮಳೆಯೋ, ಬೇಸರವೋ? ಉತ್ತರ ಸಿಕ್ಕ ಮೇಲೆ ದುಡ್ಡು ಬಿಚ್ಚಿ.