ಗೇಟಿನಲ್ಲಿ ನಿಂತ ಕಾರು ಏಕೆ ಕಾಯುತ್ತದೆ?



ಕನ್ನಡದಲ್ಲಿ 'ಕಾಯು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಒಂದು, ದಾರಿ ನೋಡುವುದು, ಇನ್ನೊಂದು, ಬಿಸಿಯಾಗುವುದು. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟು ಹಲವು ದಶಕಗಳ ಕಾಲ ಈ ಎರಡೂ ಅರ್ಥಗಳನ್ನು ಒಟ್ಟಿಗೇ ಕಲಿಸಿತು. ರೈಲು ಬರುವ ತನಕ ಜನ ಕಾಯುತ್ತಿದ್ದರು, ಜನರೊಂದಿಗೆ ಅವರ ಕಾರೂ ಕಾಯುತ್ತಿತ್ತು. ಗೇಟು ತೆರೆಯುವ ಹೊತ್ತಿಗೆ ಒಂದೆರಡು ವಾಹನಗಳ ಬಾನೆಟ್ ಎತ್ತಿರುತ್ತಿತ್ತು, ಒಳಗಿನಿಂದ ಹಬೆ ಏಳುತ್ತಿತ್ತು.

ಇದರಲ್ಲಿ ವಿಚಿತ್ರವೊಂದಿದೆ. ಅದೇ ಕಾರು ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್ ಬಿರುಬಿಸಿಲಿನಲ್ಲಿ ಓಡಿಬಂದಿರುತ್ತದೆ. ದಾರಿಯುದ್ದಕ್ಕೂ ತಾಪಮಾನದ ಮುಳ್ಳು ಅಲುಗಿರುವುದಿಲ್ಲ. ಊರೊಳಗೆ ಬಂದು ಸುಮ್ಮನೆ ನಿಂತ ಮೇಲೆ ಮುಳ್ಳು ಮೇಲೇರುತ್ತದೆ. ದುಡಿಯುವಾಗ ತಣ್ಣಗಿದ್ದದ್ದು ವಿಶ್ರಾಂತಿಯಲ್ಲಿ ಬಿಸಿಯಾಗುವುದೇ?

ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 33 ಮೆಗಾಜೂಲ್ ಶಾಖ ಹೊರಬರುತ್ತದೆ. ಚಿಕ್ಕ ಕಾರೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಲೀಟರಿಗೆ 18 ಕಿಲೋಮೀಟರಿನಂತೆ ಓಡುತ್ತಿದ್ದರೆ, ಗಂಟೆಗೆ ಸುಮಾರು 3.3 ಲೀಟರ್ ಕುಡಿಯುತ್ತದೆ. ಎಂದರೆ ಸುಮಾರು 30 ಕಿಲೋವಾಟ್. ಇದರಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ತಂಪುಮಾಡುವ ನೀರಿಗೆ ಸೇರುತ್ತದೆ. ಉಳಿದದ್ದರಲ್ಲಿ ಒಂದಷ್ಟು ಚಕ್ರಕ್ಕೆ, ಒಂದಷ್ಟು ಹೊಗೆಯ ಕೊಳವೆಗೆ. ಓಡುವ ಕಾರಿನ ರೇಡಿಯೇಟರ್ ಹೀಗೆ 10 ಕಿಲೋವಾಟ್ ಶಾಖವನ್ನು ಗಾಳಿಗೆ ಎಸೆಯಬೇಕು.

ನಿಂತ ಕಾರು ಗಂಟೆಗೆ ಸುಮಾರು 0.7 ಲೀಟರ್ ಸುಡುತ್ತದೆ ಎಂದಿಟ್ಟುಕೊಳ್ಳಿ. ಅದು 6.4 ಕಿಲೋವಾಟ್. ಮೂರನೆಯ ಒಂದು ಭಾಗವೆಂದರೆ 2 ಕಿಲೋವಾಟಿಗಿಂತ ತುಸು ಹೆಚ್ಚು, ಅಂದರೆ ಬಚ್ಚಲುಮನೆಯ ಒಂದು ಗೀಸರ್‌ನಷ್ಟು. ರಸ್ತೆಯಲ್ಲಿ ಇದರ ಐದರಷ್ಟು ಶಾಖವಿದ್ದಾಗ ಮುಳ್ಳು ಅಲುಗಲಿಲ್ಲ. ಆದ್ದರಿಂದ ತೊಂದರೆ ಶಾಖ ಹುಟ್ಟುವುದರಲ್ಲಿ ಇಲ್ಲ, ಹೊರಗೆ ಹೋಗುವುದರಲ್ಲಿ ಇದೆ.

ಆ ಗೀಸರ್‌ನ ಶಾಖ ಹೊರಗೆ ಹೋಗದೇ ಉಳಿದರೆ? ಒಳಗಿನ ನೀರು 4 ಕೆ.ಜಿ., ಎಂಜಿನ್ನಿನ ಲೋಹ 80 ಕೆ.ಜಿ. ಎಂದು ಹಿಡಿಯಿರಿ. ಎರಡನ್ನೂ ಸೇರಿಸಿ ಒಂದು ಡಿಗ್ರಿ ಏರಿಸಲು ಸುಮಾರು 65 ಕಿಲೋಜೂಲ್ ಬೇಕು. ನಿಮಿಷಕ್ಕೆ ಸೇರುವುದು ಸುಮಾರು 125 ಕಿಲೋಜೂಲ್. ನಿಮಿಷಕ್ಕೆ ಎರಡು ಡಿಗ್ರಿ! 90 ಡಿಗ್ರಿಯಲ್ಲಿ ಬಂದು ನಿಂತ ಎಂಜಿನ್ ಹತ್ತು ನಿಮಿಷದಲ್ಲಿ 110 ಮುಟ್ಟುತ್ತದೆ. ಲೋಹದ ಮೈಯಿಂದಲೂ ಸ್ವಲ್ಪ ಶಾಖ ಸೋರುವುದರಿಂದ ವಾಸ್ತವದಲ್ಲಿ ಇನ್ನೂ ಕೆಲವು ನಿಮಿಷ ಹಿಡಿಯಬಹುದು. ಗೇಟಿನಲ್ಲಿ ಕಂಡದ್ದು ಇದನ್ನೇ.

ಹರಿಹರದವರಿಗೆ ಈ ಮಾತು ಹೊಸದಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಈಗಿಲ್ಲ. ಲೇತಿನ ಮುಂದೆ ನಿಂತು ದುಡಿದವರನ್ನು ಕೇಳಿ ನೋಡಿ: ಕಬ್ಬಿಣ ಕೊರೆಯುವ ಉಳಿಯ ಮೇಲೆ ಹಾಲಿನಂಥ ದ್ರವ ಸುರಿಯುತ್ತಲೇ ಇರಬೇಕು. ಅದು ನಿಂತರೆ ಉಳಿಯ ಮೊನೆ ಸುಟ್ಟುಹೋಗುತ್ತದೆ. ಶಾಖ ಎಷ್ಟು ಹುಟ್ಟಿತು ಎನ್ನುವುದಕ್ಕಿಂತ ಅದನ್ನು ಯಾರು ಹೊತ್ತೊಯ್ದರು ಎನ್ನುವುದು ಅಲ್ಲಿಯೂ ಮುಖ್ಯ.

ಕಾರಿನಲ್ಲಿ ಹೊತ್ತೊಯ್ಯುವವರು ಇಬ್ಬರು. ಎಂಜಿನ್ನಿನಿಂದ ರೇಡಿಯೇಟರ್ ತನಕ ನೀರು, ಅಲ್ಲಿಂದ ಮುಂದೆ ಗಾಳಿ. ಓಡುವ ಕಾರಿಗೆ ಗಾಳಿ ತಾನಾಗಿಯೇ ಎದುರು ನುಗ್ಗುತ್ತದೆ. ನಿಂತ ಕಾರಿಗೆ ಫ್ಯಾನು ಬೀಸಿದಷ್ಟೇ ಗಾಳಿ. ಹಾಗಾಗಿ, ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕಾಯುವ ಕಾರಿನಲ್ಲಿ ಮೊದಲ ಅನುಮಾನ ಫ್ಯಾನಿನ ಮೇಲೆ ಬೀಳಬೇಕು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲೋ ಘಾಟಿಯಲ್ಲೋ ಕಾದರೆ ರೇಡಿಯೇಟರಿನ ಒಳಕೊಳವೆಗಳು ಕಟ್ಟಿಕೊಂಡಿರಬಹುದು. ಎರಡು ಕಡೆಯೂ ಕಾದರೆ ನೀರಿನ ಮಟ್ಟ, ಥರ್ಮೋಸ್ಟಾಟ್, ಪಂಪು ಇವುಗಳನ್ನು ನೋಡಬೇಕು. ಸ್ಪ್ಯಾನರ್ ಮುಟ್ಟುವ ಮೊದಲೇ ಇಷ್ಟನ್ನು ಹೇಳಿಬಿಡಬಹುದು. ಎಂಜಿನ್ ಬಿಚ್ಚುವುದಕ್ಕಿಂತ ಮೊದಲು 'ಯಾವಾಗ ಕಾಯುತ್ತದೆ?' ಎಂದು ಕೇಳುವ ಮೆಕ್ಯಾನಿಕ್ಕನನ್ನು ನಾನು ಹೆಚ್ಚು ನಂಬುತ್ತೇನೆ.

ಅಂಥ ಒಬ್ಬರನ್ನು ನಾನು ಕಂಡದ್ದು ನಮ್ಮ ಕಾರ್ಯಕ್ರಮವೊಂದರ ಹೊರಾಂಗಣ ಚಿತ್ರೀಕರಣದ ಸಮಯದಲ್ಲಿ. ಹರಿಹರದ ತುಂಗಭದ್ರಾ ಸೇತುವೆಯ ಬಳಿ ಕೆಲಸವಿತ್ತು. ನಾವು ಬಾಡಿಗೆಗೆ ಹಿಡಿದ ಕಾರು ದಾವಣಗೆರೆಯ ಸಂದಣಿಯಲ್ಲಿ ಎರಡು ಸಲ ಕಾಯ್ದು ನಿಂತಿತು, ಹೆದ್ದಾರಿ ಸೇರಿದೊಡನೆ ಸುಧಾರಿಸಿಕೊಂಡಿತು. ಚಾಲಕನೇ ಅದರ ಮಾಲೀಕ. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರಂತೆ, ಇನ್ನೊಂದರಲ್ಲಿ ಹೊಸ ರೇಡಿಯೇಟರ್ ಹಾಕಿಸಲು ಹೇಳಿದ್ದರಂತೆ. ಅದಕ್ಕೆ ಆತನ ಒಂದು ತಿಂಗಳ ದುಡಿಮೆಯೇ ಹೋಗುತ್ತಿತ್ತು. ಹಾಗೆಂದು ಸುಮ್ಮನೆ ಓಡಿಸುತ್ತಿದ್ದರೆ ಸಿಲಿಂಡರ್ ಹೆಡ್ ಬಾಗಿ, ಕಾರೇ ಮೂಲೆ ಸೇರುವ ಭಯ.

ಹರಿಹರದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಕಾರನ್ನು ನಿಲ್ಲಿಸಿ ಚಾಲೂ ಇಟ್ಟರು. ಮುಳ್ಳು ಏರಿತು, ಫ್ಯಾನು ತಿರುಗಲು ಶುರುವಾಯಿತು. "ಫ್ಯಾನು ಚೆನ್ನಾಗೇ ತಿರುಗ್ತದಲ್ಲ ಮೇಸ್ತ್ರಿ" ಎಂದ ಚಾಲಕ. ಅವರು ಮಾತಾಡದೆ ಹಳೆಯ ಪತ್ರಿಕೆಯ ಒಂದು ಹಾಳೆಯನ್ನು ಕಾರಿನ ಮೂತಿಯ ಜಾಲರಿಗೆ ಹಿಡಿದರು. ಫ್ಯಾನು ಗಾಳಿಯನ್ನು ಒಳಗೆಳೆಯುತ್ತಿದ್ದರೆ ಹಾಳೆ ಜಾಲರಿಗೆ ಅಂಟಿಕೊಳ್ಳಬೇಕಿತ್ತು. ಅದು ಪಟಪಟ ಎಂದು ಮುಂದಕ್ಕೆ ಹಾರಿತು.

"ಏ ತಮ್ಮಾ, ಫ್ಯಾನಿನ ಮೋಟರು ಯಾವಾಗ ಬದಲಿ ಮಾಡ್ಸಿದ್ದಿ?"

"ಹೋದ ತಿಂಗಳು. ಸುಟ್ಟೋಗಿತ್ತು."

"ವೈರು ಉಲ್ಟಾ ಕೊಟ್ಟಾರೆ ನೋಡು."

ಭೌತಶಾಸ್ತ್ರ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇಂಥ ನೇರ ವಿದ್ಯುತ್ತಿನ ಮೋಟರಿಗೆ ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಫ್ಯಾನಿನ ರೆಕ್ಕೆಯ ಬಾಗು ಒಂದು ದಿಕ್ಕಿಗೆಂದೇ ಮಾಡಿದ್ದು. ಉಲ್ಟಾ ತಿರುಗಿದರೆ ಗಾಳಿ ಕಡಿಮೆ. ಆ ಕಡಿಮೆ ಗಾಳಿಯೂ ಎಂಜಿನ್ನಿನ ಬಿಸಿ ಗೂಡಿನಿಂದ ಬಂದದ್ದು. ಹೆದ್ದಾರಿಯಲ್ಲಿ ಎದುರುಗಾಳಿಯೇ ಸಾಕಾಗುವುದರಿಂದ ಫ್ಯಾನಿನ ಸ್ವಿಚ್ಚು ಹೆಚ್ಚಾಗಿ ಒತ್ತಿಕೊಳ್ಳುವುದೇ ಇಲ್ಲ, ದೋಷ ಬಯಲಾಗುವುದೂ ಇಲ್ಲ. ಎರಡು ತಂತಿ ಅದಲುಬದಲಾದವು, ಹಾಳೆ ಜಾಲರಿಗೆ ಅಂಟಿತು, ಮುಳ್ಳು ಇಳಿಯಿತು. ಥರ್ಮೋಸ್ಟಾಟನ್ನೂ ಮೇಸ್ತ್ರಿ ಮತ್ತೆ ಹಾಕಿಸಿದರು. ಸುಮಾರು 82ರಿಂದ 88 ಡಿಗ್ರಿಯ ನಡುವೆ ತೆರೆದುಕೊಳ್ಳುವ ಈ ಬಾಗಿಲಿಲ್ಲದಿದ್ದರೆ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಹಿಡಿದು ಪೆಟ್ರೋಲ್ ವ್ಯರ್ಥವಾಗುತ್ತದೆ. ಅದು ಮುಚ್ಚಿಯೇ ಉಳಿದಿದ್ದರೆ ಕಾರು ಹೆದ್ದಾರಿಯಲ್ಲೂ ಕಾಯಬೇಕಿತ್ತಲ್ಲವೇ? ಮೊದಲ ಗ್ಯಾರೇಜಿನವರು ಈ ಒಂದು ಪ್ರಶ್ನೆ ಕೇಳಿಕೊಳ್ಳಲಿಲ್ಲ.

ಅಂಬಾಸಿಡರ್ ಕಾರಿನಲ್ಲಿ ಈ ಕತೆ ನಡೆಯುವಂತಿರಲಿಲ್ಲ. ಅದರ ಫ್ಯಾನನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತಿತ್ತು. ದೋಷ ಬೇರೆಯದು: ನಿಂತಾಗ ಎಂಜಿನ್ನಿನ ವೇಗ ಇಳಿಯುತ್ತದೆ, ಹೆಚ್ಚು ಗಾಳಿ ಬೇಕಾದಾಗಲೇ ಫ್ಯಾನು ನಿಧಾನವಾಗುತ್ತದೆ. ಬೆಲ್ಟು ಸಡಿಲವಾಗಿದ್ದರಂತೂ ಮುಗಿಯಿತು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಫ್ಯಾನು ವಿದ್ಯುತ್ತಿನದು; ನೀರು ಕಾದಾಗ ಸ್ವಿಚ್ಚು ಅದನ್ನು ಚಾಲೂ ಮಾಡುತ್ತದೆ. ಎಂಜಿನ್ ಎಷ್ಟೇ ನಿಧಾನವಿರಲಿ, ಫ್ಯಾನಿನ ವೇಗ ಅದೇ.

ಈ ವ್ಯತ್ಯಾಸದಿಂದ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ನಿಂತಲ್ಲೇ ಸ್ವಲ್ಪ ರೇಸ್ ಕೊಟ್ಟಾಗ ಮುಳ್ಳು ಇಳಿದರೆ, ಬೆಲ್ಟಿನ ಫ್ಯಾನಿರುವ ವಾಹನದಲ್ಲಿ ಫ್ಯಾನು ಅಥವಾ ಪಂಪು ಎರಡರಲ್ಲಿ ಯಾವುದೂ ಆಗಬಹುದು. ವಿದ್ಯುತ್ ಫ್ಯಾನಿನ ಕಾರಿನಲ್ಲಿ ರೇಸಿಗೂ ಫ್ಯಾನಿಗೂ ಸಂಬಂಧವಿಲ್ಲ. ಹಾಗಾದರೆ ಹೆಚ್ಚಿದ್ದು ನೀರಿನ ಓಟ ಮಾತ್ರ. ಪಂಪಿನ ರೆಕ್ಕೆ ಸವೆದಿದೆ, ಅದರ ಬೆಲ್ಟು ಜಾರುತ್ತಿದೆ, ಇಲ್ಲವೇ ನೀರಿನ ದಾರಿಯಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದೆ.

ಫ್ಯಾನು ತಿರುಗುವುದೇ ಇಲ್ಲ ಎಂದರೆ? ಮೊದಲು ಫ್ಯೂಸ್ ನೋಡಿ. ಬಳಿಕ ಫ್ಯಾನಿಗೆ ಬ್ಯಾಟರಿಯಿಂದ ನೇರ ತಂತಿ ಕೊಟ್ಟು ನೋಡಬೇಕು. ಆಗ ತಿರುಗಿದರೆ ಮೋಟರು ಸರಿಯಿದೆ. ಕಳ್ಳ ಇರುವುದು ರಿಲೇಯಲ್ಲೋ ತಾಪದ ಸ್ವಿಚ್ಚಿನಲ್ಲೋ. ಇದನ್ನು ಹಿರಿಯರ ಜೊತೆಗಿದ್ದು ಮಾಡಿ. ಎಂಜಿನ್ ಆರಿಸಿದ ಮೇಲೂ ಕೆಲವು ಕಾರುಗಳ ಫ್ಯಾನು ತಾನಾಗಿ ತಿರುಗಿಬಿಡುತ್ತದೆ, ಬೆರಳು ದೂರವಿರಲಿ.

ಫ್ಯಾನು ಸರಿಯಿದ್ದರೂ ಗಾಳಿ ಹೋಗಲು ದಾರಿ ಬೇಕು. ಹವಾನಿಯಂತ್ರಣವಿರುವ ಕಾರುಗಳಲ್ಲಿ ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಇರುತ್ತದೆ. ಇವೆರಡರ ನಡುವಿನ ಸಂದಿಯಲ್ಲಿ ಧೂಳು, ಹುಳ, ಒಕ್ಕಲಿನ ಕಾಲದಲ್ಲಿ ಹಾರುವ ಹೊಟ್ಟು ಸೇರಿ ಕಂಬಳಿಯಂತೆ ಕಟ್ಟಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು. ಜೋರಾಗಿ ಹೊಡೆದರೆ ತೆಳುವಾದ ತಗಡುಗಳು ಮಡಚಿಕೊಳ್ಳುತ್ತವೆ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಗೂಡನ್ನು ಕೆಲವರು ರಿಪೇರಿಯ ಬಳಿಕ ಮತ್ತೆ ಹಾಕುವುದಿಲ್ಲ. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರನ್ನು ಬಿಟ್ಟು ಪಕ್ಕದ ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತದೆ.

ನೀರಿನ ವಿಷಯ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರಿನ ಮುಚ್ಚಳ ಪ್ರೆಷರ್ ಕುಕ್ಕರಿನಂತೆ ಒತ್ತಡ ಹಿಡಿದಿಡುತ್ತದೆ. ಚದರ ಸೆಂಟಿಮೀಟರಿಗೆ 0.9 ಕೆ.ಜಿ.ಯ ಮುಚ್ಚಳವಿದ್ದರೆ ಕುದಿಬಿಂದು 117 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮುಚ್ಚಳದ ರಬ್ಬರು ಸವೆದು ಒತ್ತಡ ಸೋರಿದರೆ, ಬೇರೆಲ್ಲ ಸರಿಯಿದ್ದರೂ ನೀರು ಬೇಗ ಕುದಿಯುತ್ತದೆ. ಕಡಿಮೆ ಬೆಲೆಯ ಈ ಭಾಗವನ್ನು ಪರೀಕ್ಷಿಸುವವರು ಕಡಿಮೆ.

ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ. ಒಳಗೆ 110 ಡಿಗ್ರಿಯ ನೀರು ಒತ್ತಡದಿಂದಷ್ಟೇ ಕುದಿಯದೆ ಉಳಿದಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಅದರಲ್ಲಿ ಒಂದು ಪಾಲು ಹಬೆಯಾಗಿ, ಉಳಿದ ನೀರನ್ನೂ ಎತ್ತಿಕೊಂಡು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ, ಮೇಲಿನ ರಬ್ಬರ್ ಕೊಳವೆ ಹಿಸುಕಿದರೆ ಮೆತ್ತಗಿದೆಯೇ ನೋಡಿ, ಆಮೇಲೆ ದಪ್ಪ ಬಟ್ಟೆ ಹಾಕಿ ತಿರುಗಿಸಿ.

ನಮ್ಮ ಕಡೆ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಏಕೆ ಎಂದು ಕೇಳುವವರಿದ್ದಾರೆ. ತುಕ್ಕನ್ನು ತಡೆಯುವ ರಾಸಾಯನಿಕಗಳು ಅದರಲ್ಲಿವೆ. ಬರಿಯ ಕೊಳವೆಬಾವಿ ನೀರು ಹಾಕುತ್ತ ಹೋದರೆ, ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಹೊಪ್ಪಳಿಕೆಯೇ ಎಂಜಿನ್ನಿನೊಳಗೂ ಕಟ್ಟುತ್ತದೆ.

ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಹೆಡ್‌ಲೈಟ್ ಹಾಕಿದೊಡನೆ ಅದು ಜಿಗಿದರೆ ತಂತಿಯ ಭೂಸಂಪರ್ಕ ಕೆಟ್ಟಿರಬಹುದು. ಲೋಹ ಅಷ್ಟು ಬೇಗ ಕಾಯಲಾರದು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ಸಂತೋಷಪಡಬೇಡಿ. ನೀರೆಲ್ಲ ಖಾಲಿಯಾಗಿ ತಾಪಸೂಚಕ ಗಾಳಿಯಲ್ಲಿ ತೂಗುತ್ತಿರಬಹುದು. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ, ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲೇ ರೇಡಿಯೇಟರಿನೊಳಗೆ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಶಂಕಿಸಬೇಕು. ಅದು ಗ್ಯಾರೇಜಿನವರ ಕೆಲಸ.

ಗೇಟಿನಲ್ಲಿ ನಿಂತಿರುವಾಗಲೇ ಮುಳ್ಳು ಏರತೊಡಗಿದರೆ ಮೊದಲು ಏಸಿ ಆರಿಸಿ. ಕಾರಿನಲ್ಲಿ ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನು ಹಾಕಿ. ಏಪ್ರಿಲ್ ತಿಂಗಳಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಹೀಟರ್ ಎಂಬುದು ಇನ್ನೊಂದು ಚಿಕ್ಕ ರೇಡಿಯೇಟರ್. ಆದರೂ ಮುಳ್ಳು ಕೆಂಪುಗೆರೆಯತ್ತ ಹೋದರೆ ಎಂಜಿನ್ ಆರಿಸಿ. ಆರಿಸಿದ ಮೇಲೂ ಒಂದೆರಡು ನಿಮಿಷ ತಾಪ ಏರಬಹುದು, ಏಕೆಂದರೆ ಪಂಪು ನಿಂತಿದ್ದರೂ ಸಿಲಿಂಡರಿನ ಸುಡುವ ಲೋಹ ಸುತ್ತಲಿನ ನೀರಿಗೆ ಶಾಖ ಕೊಡುತ್ತಲೇ ಇರುತ್ತದೆ. ಅಕ್ಕಪಕ್ಕದವರು ಕೊಡದಲ್ಲಿ ತಣ್ಣೀರು ತಂದು ಎಂಜಿನ್ ಮೇಲೆ ಸುರಿಯಲು ಬಂದರೆ ತಡೆಯಿರಿ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದಾಗ ಆಗುವುದೇ ಸಿಲಿಂಡರ್ ಹೆಡ್ಡಿಗೂ ಆಗಬಹುದು.