ಕಚೇರಿಯ ಬರವಣಿಗೆ



ಕಥೆ ಕಾವ್ಯಗಳನ್ನು ಬರೆಯುವವರು ನಾಡಿನಲ್ಲಿ ಕೆಲವರೇ. ಕಚೇರಿಗಳಲ್ಲಿ ಕುಳಿತು ಪತ್ರ, ಟಿಪ್ಪಣಿ, ಸುತ್ತೋಲೆಗಳನ್ನು ಬರೆಯುವವರು ಅಸಂಖ್ಯರು. ಜನಸಾಮಾನ್ಯರ ಅನ್ನಕ್ಕೂ ನೆಲಕ್ಕೂ ಸಂಬಂಧಪಟ್ಟ ಮಾತು ಅವರಿಗೆ ಮುಟ್ಟುವುದು ಈ ಎರಡನೆಯವರ ಲೇಖನಿಯಿಂದಲೇ. ಆದರೂ ಇದನ್ನು ಕಲಿತು ಪಳಗತಕ್ಕ ವಿದ್ಯೆಯೆಂದು ನಾವು ಎಣಿಸುವುದು ಅಪರೂಪ.

ಒಂದು ಮಾದರಿಯನ್ನು ಕಲ್ಪಿಸಿಕೊಳ್ಳೋಣ. ವಿಶ್ರಾಂತಿವೇತನ ಪಡೆಯುವ ವೃದ್ಧೆಯೊಬ್ಬಳಿಗೆ ಹೀಗೊಂದು ಪತ್ರ ಬರುತ್ತದೆ: "ಜೀವಿತ ಪ್ರಮಾಣಪತ್ರವನ್ನು ನಿಗದಿತ ಅವಧಿಯೊಳಗಾಗಿ ಸಂಬಂಧಪಟ್ಟ ಕಚೇರಿಗೆ ಸಲ್ಲಿಸತಕ್ಕದ್ದೆಂದೂ, ತಪ್ಪಿದಲ್ಲಿ ವೇತನವನ್ನು ತಡೆಹಿಡಿಯುವ ಬಗ್ಗೆ ಕ್ರಮ ಕೈಗೊಳ್ಳಲಾಗುವುದೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ." ಇದರಲ್ಲಿ ವ್ಯಾಕರಣದೋಷ ಒಂದೂ ಇಲ್ಲ. ಆದರೆ ಅವಧಿ ಯಾವುದು? ಕಚೇರಿ ಯಾವುದು? "ನೀವು ಬದುಕಿರುವಿರೆಂಬ ಪ್ರಮಾಣಪತ್ರವನ್ನು ನವೆಂಬರ್ 30ರೊಳಗೆ ಖಜಾನೆಗೆ ಕೊಡಿ. ಕೊಡದಿದ್ದರೆ ಮುಂದಿನ ತಿಂಗಳಿಂದ ವೇತನ ನಿಲ್ಲುತ್ತದೆ" ಎಂದಿದ್ದರೆ, ಆಕೆ ಮೊಮ್ಮಗನಿಂದ ಒಮ್ಮೆ ಓದಿಸಿ ಕೇಳಿದರೆ ಸಾಕಾಗುತ್ತಿತ್ತು. ಮೊದಲ ಪತ್ರ ಅರ್ಥವಾಗದೆ ಹೋದರೆ ಆಕೆ ಕಳೆದುಕೊಳ್ಳುವುದು ತಿಂಗಳ ಅನ್ನವನ್ನು.

ಹೀಗೇಕೆ ಬರೆಯುತ್ತಾರೆ? ಗುಮಾಸ್ತರಿಗೆ ಭಾಷೆ ಬಾರದೆನ್ನುವುದು ಅನ್ಯಾಯ. ಮನೆಗೆ ಬರೆಯುವ ಕಾಗದದಲ್ಲಿ ಅವರ ಕನ್ನಡ ತಿಳಿಯಾಗಿಯೇ ಇರುತ್ತದೆ. ಹಳೆಯ ಕಡತದ ವಾಕ್ಯವನ್ನು ನಕಲು ಮಾಡಿದರೆ ಆಕ್ಷೇಪಣೆ ಬಾರದು. ಹೊಸದಾಗಿ ಬರೆದರೆ ಬಂದೀತು. ಈ ಅಂಜಿಕೆಯೇ ರೋಗದ ಮೂಲ.

ಇಂಗ್ಲೆಂಡೂ ಈ ರೋಗವನ್ನು ಬಲ್ಲುದು. ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗವರ್ಸ್ ಅವರು ಸರ್ಕಾರಿ ನೌಕರರಿಗಾಗಿ ಬರೆದ 'ಪ್ಲೇನ್ ವರ್ಡ್ಸ್' ಎಂಬ ಸಣ್ಣ ಹೊತ್ತಗೆ 1948ರಲ್ಲಿ ಪ್ರಕಟವಾಯಿತು. ಬರೆಯುವವನು ಓದುವವನ ಸ್ಥಾನದಲ್ಲಿ ನಿಂತು ನೋಡಬೇಕೆಂಬುದು ಅದರ ತಿರುಳು. ನಮ್ಮಲ್ಲಿ 1963ರ ರಾಜ್ಯಭಾಷಾ ಶಾಸನ ಕನ್ನಡಕ್ಕೆ ಆಡಳಿತದ ಸ್ಥಾನವನ್ನಿತ್ತಿತು. ಆದರೆ ಕನ್ನಡವು ಕಡತಕ್ಕೆ ಬಂದ ಮಾತ್ರಕ್ಕೆ ಅರ್ಥವು ಓದುಗನಿಗೆ ಬಂದಂತಾಗದು.

ಶಿಕ್ಷಣಕ್ಕೆ ವಾರಕ್ಕೊಂದು ಗಂಟೆ ಸಾಕು. ಕಚೇರಿಯಿಂದ ಹೊರಟ ಪತ್ರವೊಂದನ್ನು, ಹೆಸರುಗಳನ್ನು ಅಳಿಸಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಓದುವವರು ಯಾರು, ಅವರು ಮಾಡಬೇಕಾದುದೇನು, ಎಲ್ಲಿ, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ಕೂಡಿ ತಿದ್ದಲಿ. ಪರರ ಕರಡಿನಲ್ಲಿ ದೋಷ ಕಾಣಲು ಕಲಿತ ಕಣ್ಣು ಕ್ರಮೇಣ ತನ್ನದರಲ್ಲಿಯೂ ಕಾಣುತ್ತದೆ. ಕಾನೂನಿನ ಪಾರಿಭಾಷಿಕ ಪದಗಳನ್ನು ಸಡಿಲಿಸಬಾರದು. ಅವುಗಳ ಸುತ್ತ ಬೆಳೆದ ಕಳೆಯನ್ನು ಮಾತ್ರ ಕೀಳಬೇಕು.

ಮೇಲಧಿಕಾರಿಗಳೂ ಈ ತರಗತಿಯಲ್ಲಿ ಕುಳಿತುಕೊಳ್ಳಬೇಕು. ಕಾರಣ ಹೇಳದೆ ಕೆಂಪು ಶಾಯಿಯಲ್ಲಿ ಗೀಟು ಎಳೆದರೆ ಕರಡು ಶುದ್ಧವಾದೀತು, ಬರೆದವನು ಕಲಿಯಲಾರನು. ಅಂಚಿನಲ್ಲಿ "ದಿನಾಂಕವೆಲ್ಲಿ?" ಎಂದು ಬರೆದರೆ, ಮುಂದಿನ ಪತ್ರದಲ್ಲಿ ದಿನಾಂಕ ತಾನಾಗಿ ಬಂದೀತು. ಗುಮಾಸ್ತನು ಧೈರ್ಯಮಾಡಿ ಸರಳವಾಗಿ ಬರೆದ ಕರಡಿಗೆ ಅಧಿಕಾರಿಯು ಅಳುಕದೆ ರುಜು ಹಾಕಿದ ದಿನವೇ ಆ ಕಚೇರಿಯಲ್ಲಿ ಶಿಕ್ಷಣ ಆರಂಭವಾಯಿತೆಂದು ನಾವು ತಿಳಿಯಬಹುದು.